ಇಟ್ಟೇರಿಯ ಜಾಡು: ಕೊಂಗುನಾಡಿನ ಮಣ್ಣುದಾರಿಗಳೂ ಕನ್ನಡಿಗರೂ

ಕಳೆದ ಮಾಘಮಾಸದ ಒಂದು ಭಾನುವಾರ ನಮ್ಮ ಮೊಮ್ಮಗನು ಐದಾರು ಗೆಳೆಯರೊಡನೆ ಬೆಳಗಿನ ಜಾವವೇ ಸೈಕಲ್ ಏರಿ ಕಾಂಗೇಯಂ ಕಡೆಗೆ ಹೊರಟನು. ಸಂಜೆ ಮೈಯೆಲ್ಲ ಕೆಂಧೂಳಿಯಾಗಿ ಮರಳಿದವನನ್ನು ಯಾವ ದಾರಿಯಲ್ಲಿ ಹೋಗಿದ್ದೆಯೆಂದು ಕೇಳಿದೆವು. ‘ಆ ದಾರಿಗೆ ಹೆಸರಿಲ್ಲ ತಾತ, ಗ್ರಾವೆಲ್ ಅಷ್ಟೆ’ ಎಂದನು. ಡಾಂಬರು ಕಾಣದ ಜಲ್ಲಿ ಮತ್ತು ಮಣ್ಣಿನ ದಾರಿಗಳಲ್ಲಿ ಸವಾರಿ ಮಾಡುವುದಕ್ಕೆ ಈಗ ಆ ಹೆಸರಂತೆ. ಅದಕ್ಕೆಂದೇ ಅಗಲವಾದ ಟೈರಿನ ಸೈಕಲ್ಲುಗಳು ಬಂದಿವೆ. 2022ರಲ್ಲಿ ಇಟಲಿಯ ವೆನೆಟೊ ಪ್ರಾಂತದಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆದಿದೆ. ಅವನು ತನ್ನ ಮೊಬೈಲಿನಲ್ಲಿ ತಾನು ಸಾಗಿದ ಗೆರೆಯನ್ನು ತೋರಿಸಿದಾಗ ನಮಗೆ ಆಶ್ಚರ್ಯವಾಯಿತು. ಆ ಗೆರೆಯ ಕಾಲುಭಾಗ ನಮಗೆ ಅಂಗೈಯಷ್ಟೇ ಪರಿಚಿತವಾದದ್ದು. 1974ರಲ್ಲಿ ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ ಎರಡು ವರ್ಷ ಕಾಲ, ಹಿಂದಿನ ಕ್ಯಾರಿಯರಿಗೆ ಪುಸ್ತಕದ ಗಂಟು ಕಟ್ಟಿಕೊಂಡು, ನಾವು ದಿನವೂ ಸೈಕಲ್ ತುಳಿದ ಇಟ್ಟೇರಿ ಅದು.

ಇಟ್ಟೇರಿ ಎಂಬುದು ಕೊಂಗು ತಮಿಳಿನ ಮಾತು. ಎರಡು ಹೊಲಗಳ ಜೀವಂತ ಬೇಲಿಗಳ ನಡುವೆ ಒಂದು ಎತ್ತಿನ ಬಂಡಿ ಹಿಡಿಸುವಷ್ಟು ಅಗಲದಲ್ಲಿ ಸಾಗುವ ಹಾದಿ. ನಮ್ಮ ಹಳೆಯ ಮೈಸೂರು ಸೀಮೆಯ ಬಂಧುಗಳಿಗೆ ‘ಓಣಿ’ ಎಂದರೆ ಸುಲಭವಾಗಿ ತಿಳಿದೀತು. ತಲೆತಲಾಂತರ ಬಂಡಿಯ ಗಾಲಿ ಉರುಳಿ, ಮಳೆಯ ನೀರು ಹರಿದು, ಹಾದಿಯು ಹೊಲಗಳಿಗಿಂತ ತಗ್ಗಾಗಿರುತ್ತದೆ. ಎರಡೂ ಪಕ್ಕದಲ್ಲಿ ಮುಳ್ಳುಕಿಳುವೆ, ಕಳ್ಳಿ, ಕತ್ತಾಳೆ. ಒಳಗೆ ಹೊಕ್ಕರೆ ಹೊರಗಿನ ಲೋಕ ಕಾಣದು, ನವಿಲಿನ ಕೂಗು ಮಾತ್ರ ಕೇಳಿಸುತ್ತದೆ.

ಈ ಬೇಲಿಗಳ ಹಿಂದೆ ಇರುವುದು ‘ಕೊರಂಗಾಡು’. ತಿರುಪ್ಪೂರು ಜಿಲ್ಲೆಯ ಕಾಂಗೇಯಂ, ಧಾರಾಪುರಂ ಕಡೆ ಮಳೆ ಕಡಿಮೆ, ನೆಲ ಜಲ್ಲಿ ಮಿಶ್ರಿತವಾದದ್ದು, ಅಲೆಯಲೆಯಾಗಿ ಏರಿಳಿಯುವಂಥದ್ದು. ಅಲ್ಲಿಯ ರೈತರು ಭೂಮಿಯನ್ನು ತುಂಡುತುಂಡಾಗಿ ಬೇಲಿಯೊಳಗೆ ಕಟ್ಟಿ, ಕೊಳುಕಟ್ಟೆ ಹುಲ್ಲನ್ನು ಬೆಳೆಯಬಿಟ್ಟು, ನಡುನಡುವೆ ಬಿಳಿಜಾಲಿಯನ್ನು ಉಳಿಸಿ, ಒಂದು ತುಂಡಿನಿಂದ ಮತ್ತೊಂದಕ್ಕೆ ದನಗಳನ್ನು ಬದಲಾಯಿಸುತ್ತ ಮೇಯಿಸುತ್ತಾರೆ. ಬೇಲಿಯಿದ್ದುದರಿಂದ ದನ ಕಾಯುವವನು ಬೇಕಿಲ್ಲ. ದನ ಒಂದೆಡೆಯಿಂದ ಮತ್ತೊಂದೆಡೆಗೆ ಹೋಗಲು ದಾರಿ ಬೇಕು, ಆ ದಾರಿಯೇ ಇಟ್ಟೇರಿ. ಹೀಗೆ ಹುಲ್ಲು, ಬೇಲಿ, ದನ, ದಾರಿ ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿವೆ. ಪ್ರಸಿದ್ಧ ಕಾಂಗೇಯಂ ತಳಿಯ ದನಗಳು ಬೆಳೆದದ್ದು ಈ ಹುಲ್ಲಿನಲ್ಲಿಯೇ. ಪಾಳಯಕೋಟೆಯ ಪಟ್ಟಗಾರರ ಮನೆತನ ಆ ತಳಿಯನ್ನು ಪೋಷಿಸಿ ಹೆಸರಿಗೆ ತಂದಿತು.

ನಮ್ಮ ಓದುಗರಿಗೆ ರುಚಿಸುವ ಸಂಗತಿಯೊಂದು ಇಲ್ಲಿದೆ. ಪಶುಶಾಸ್ತ್ರಜ್ಞರು ಭಾರತದ ದನಗಳನ್ನು ವಿಂಗಡಿಸುವಾಗ ಹಳ್ಳಿಕಾರ್, ಅಮೃತಮಹಲ್, ಆಲಂಬಾಡಿ, ಬರಗೂರು ತಳಿಗಳ ಜೊತೆಗೆ ಕಾಂಗೇಯಂ ತಳಿಯನ್ನೂ ‘ಮೈಸೂರು ಬಗೆ’ ಎಂಬ ಒಂದೇ ಗುಂಪಿಗೆ ಸೇರಿಸಿದ್ದಾರೆ. ಘಟ್ಟದ ಮೇಲಿನ ಎತ್ತಿಗೂ ಕೆಳಗಿನ ಎತ್ತಿಗೂ ದಾಯಾದಿತನವಿದೆ ಎಂದಾಯಿತು. ಎತ್ತುಗಳ ನಂಟು ಹೀಗಿರುವಾಗ ಅವುಗಳನ್ನು ಹೊಡೆದುಕೊಂಡು ಓಡಾಡಿದ ಮನುಷ್ಯರ ನಂಟು ಬೇರೆ ಬಗೆಯದಾಗಿರಲು ಸಾಧ್ಯವೆ?

ಕೊಂಗುನಾಡು ಎಂದೆಂದಿಗೂ ದಾರಿಗಳ ನಾಡು. ಪಶ್ಚಿಮಘಟ್ಟಗಳ ಗೋಡೆಯಲ್ಲಿ ಪಾಲಕ್ಕಾಡಿನ ಬಳಿ ಮಾತ್ರ ದೊಡ್ಡ ಬಾಗಿಲಿದೆ. ಆ ಬಾಗಿಲಿನಿಂದ ಬಂದ ವ್ಯಾಪಾರವು ನೊಯ್ಯಲ್ ಹೊಳೆಯ ಬದಿಯಲ್ಲಿ ಪೂರ್ವಕ್ಕೆ ಸಾಗುತ್ತಿತ್ತು. ಕೊಯಮತ್ತೂರಿನ ಪಕ್ಕದ ವೆಳ್ಳಲೂರಿನಲ್ಲಿ ರೋಮನ್ ನಾಣ್ಯಗಳು ದೊರೆತಿವೆ. ಕಾಂಗೇಯಂ ಸಮೀಪದ ಪಡಿಯೂರಿನಲ್ಲಿ ವೈಡೂರ್ಯದ ಗಣಿಗಳಿದ್ದವು. ಕೊಡುಮಣಲಿನ ಉತ್ಖನನದಲ್ಲಿ ಮಣಿಗಳನ್ನು ಕೊರೆಯುತ್ತಿದ್ದ ಕುಶಲಿಗಳ ನೆಲೆಯೇ ಹೊರಬಂದಿದೆ. ಕೊಯಮತ್ತೂರಿನ ಪಶ್ಚಿಮಕ್ಕೆ ಸುಂಡಕ್ಕಾಮುತ್ತೂರಿನ ಗುಡ್ಡದ ಬಂಡೆಯ ಮೇಲೆ ‘ರಾಜಕೇಸರಿ ಪೆರುವಳಿ’ ಎಂಬ ಹೆದ್ದಾರಿಯ ಹೆಸರನ್ನೇ ಕೆತ್ತಿದ 9ನೆಯ ಶತಮಾನದ ಶಾಸನವಿದೆ. ಅದನ್ನು ತಮಿಳು ಮತ್ತು ವಟ್ಟೆಳುತ್ತು ಎರಡೂ ಲಿಪಿಗಳಲ್ಲಿ ಕೆತ್ತಿದ್ದಾರೆ. ದಾರಿಗೂ ಶಾಸನ ಬರೆಯಿಸಿದ ಕಾಲ ಅದು!

ಇದು ಪೂರ್ವಪಶ್ಚಿಮದ ಮಾತಾಯಿತು. ನಮ್ಮವರು ಬಂದದ್ದು ಉತ್ತರದಿಂದ, ಘಟ್ಟ ಇಳಿದು. ಅದಕ್ಕೆ ಮುಖ್ಯವಾಗಿ ಎರಡು ಹಳೆಯ ಹಾದಿಗಳಿದ್ದವು. ಕೊಳ್ಳೇಗಾಲ ಮತ್ತು ಮಹದೇಶ್ವರ ಬೆಟ್ಟದ ಸೀಮೆಯಿಂದ ಕಾವೇರಿಯ ಕಡೆಗೆ ಇಳಿಯುವ ಕಾವೇರಿಪುರದ ಘಾಟಿ ಒಂದು, ಮೋಯಾರಿನ ಕಣಿವೆಯ ಮಾರ್ಗವಾಗಿ ಸತ್ಯಮಂಗಲದತ್ತ ಬರುವ ಗಜ್ಜಲಹಟ್ಟಿಯ ಕಣಿವೆ ಮತ್ತೊಂದು. ಈಗ ನಾವು ಬಸ್ಸಿನಲ್ಲಿ ಇಳಿಯುವ, 27 ತಿರುವುಗಳ ದಿಂಬಂ ಘಾಟಿಯ ಭಾಗ್ಯ ನಮ್ಮ ಪೂರ್ವಿಕರಿಗೆ ಇರಲಿಲ್ಲ. ಹೊಯ್ಸಳರ ದಣ್ಣಾಯಕರು ಭವಾನಿ ಹೊಳೆಯ ದಂಡೆಯಲ್ಲಿ ಕಟ್ಟಿಸಿದ ದಣ್ಣಾಯಕನ ಕೋಟೆ ಈ ಹಾದಿಯ ಕಾವಲಿಗೆ ನಿಂತಂತಿತ್ತು. 1955ರಲ್ಲಿ ಮುಗಿದ ಭವಾನಿಸಾಗರದ ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿದೆ. ಬೇಸಗೆಯಲ್ಲಿ ನೀರು ತೀರ ತಗ್ಗಿದ ವರ್ಷ ಗುಡಿಯ ಕಲ್ಲುಗಳು ಮೇಲೆ ಕಾಣುತ್ತವೆ.

17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು, ಅವರ ತರುವಾಯ ಚಿಕ್ಕದೇವರಾಜ ಒಡೆಯರು ಕೊಂಗುನಾಡಿನತ್ತ ಮೈಸೂರಿನ ಅಧಿಕಾರವನ್ನು ಚಾಚಿದರು. ದಂಡು, ಕಂದಾಯ, ಕರಣಿಕರು, ನೇಕಾರರು, ದನಗಾಹಿಗಳು ಎಲ್ಲರೂ ಓಡಾಡಿದ್ದು ಈ ದಾರಿಗಳಲ್ಲಿಯೇ. 1790ರ ಸೆಪ್ಟೆಂಬರಿನಲ್ಲಿ ಟೀಪೂ ಸುಲ್ತಾನನು ಗಜ್ಜಲಹಟ್ಟಿಯಲ್ಲಿಯೇ ಸೈನ್ಯವನ್ನು ಇಳಿಸಿ, ಸತ್ಯಮಂಗಲದಲ್ಲಿ ಕರ್ನಲ್ ಫ್ಲಾಯ್ಡನ ಪಡೆಯನ್ನು ಎದುರಿಸಿದನು. ಫಿರಂಗಿಗಳನ್ನು ಎಳೆದದ್ದು ನಮ್ಮ ಎತ್ತುಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆ ಕಂಪನಿಯ ಕೈಸೇರಿತು. ಮರುವರ್ಷವೇ ಫ್ರಾನ್ಸಿಸ್ ಬುಕಾನನನು ಕಾವೇರಿಪುರದ ಘಾಟಿಯನ್ನು ಇಳಿದು ಕೊಯಮತ್ತೂರಿಗೆ, ಅಲ್ಲಿಂದ ಮಲಬಾರಿನ ಗಡಿಗೆ ನಡೆದನು. ಆ ಪ್ರವಾಸಕಥನ 1807ರಲ್ಲಿ 3 ಸಂಪುಟಗಳಾಗಿ ಹೊರಬಂತು. ಕೊಳ್ಳೇಗಾಲವಂತೂ 1956ರ ನವೆಂಬರ್ 1ರವರೆಗೂ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿಯೇ ಇತ್ತು. ನಮ್ಮ ಸೋದರತ್ತೆಯನ್ನು ಕೊಟ್ಟದ್ದು ಅಲ್ಲಿಗೆ. ಮದುವೆಯಾದಾಗ ಒಂದೇ ಜಿಲ್ಲೆಯೊಳಗಿನ ಊರು, ಮೊದಲ ಬಾಣಂತನಕ್ಕೆ ತವರಿಗೆ ಬರುವಷ್ಟರಲ್ಲಿ ಬೇರೆ ರಾಜ್ಯ!

ಈ ದಾರಿಗಳಲ್ಲಿ ಇಳಿದವರ ವಂಶಸ್ಥರು ಇಂದಿಗೂ ಇಲ್ಲಿದ್ದಾರೆ. ಒಕ್ಕಲಿಗರು, ಅನುಪ್ಪರು, ದೇವಾಂಗರು ಮನೆಯೊಳಗೆ ಕನ್ನಡವನ್ನೇ ಆಡುತ್ತಾರೆ. ಅಕ್ಷರ ಮಾತ್ರ ತಮಿಳಿನದು. ವಿಜಯದಶಮಿಯಂದು ಕೊಯಮತ್ತೂರಿನ ಬೀದಿಗಳಲ್ಲಿ ಚೌಡೇಶ್ವರಿಯ ಮುಂದೆ ದೇವಾಂಗರು ಕತ್ತಿಸೇವೆ ಸಲ್ಲಿಸುವುದನ್ನು ಓದುಗರು ಕಂಡೇ ಇರುತ್ತಾರೆ. ಏಕೆ ವಲಸೆ ಬಂದಿರಿ ಎಂದು ಹಿರಿಯರನ್ನು ಕೇಳಿದರೆ ಬಹುಮಟ್ಟಿಗೆ ಒಂದೇ ಕಥೆ ಹೊರಡುತ್ತದೆ. ಅರಸನೊಬ್ಬನು ನಮ್ಮ ಮನೆಯ ಹೆಣ್ಣನ್ನು ಕೇಳಿದನು, ಕೊಡಲೊಲ್ಲದೆ ರಾತ್ರೋರಾತ್ರಿ ಹೊರಟೆವು, ತುಂಬಿದ ಹೊಳೆ ಅಡ್ಡ ಬಂದಾಗ ದಡದ ಹೊಂಗೆ ಮರಗಳು ಬಾಗಿ ಸೇತುವೆಯಾದವು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಸಂಪುಟಗಳಲ್ಲಿಯೂ ಇಂಥ ಕಥೆಗಳು ದಾಖಲಾಗಿವೆ. ಹಲವು ಜಾತಿಗಳು ಹೇಳುವ ಒಂದೇ ಕಥೆಯನ್ನು ಇತಿಹಾಸವೆಂದು ನಂಬಲು ನಮಗೆ ಸಂಕೋಚ. ಬರ, ದಂಡಿನ ಹಾವಳಿ, ನೂಲಿಗೆ ಮಾರುಕಟ್ಟೆ, ದನಕ್ಕೆ ಹುಲ್ಲು ಇವೇ ಹೆಚ್ಚಿನವರನ್ನು ಕೆಳಕ್ಕೆ ತಂದಿರಬೇಕೆಂದು ನಮ್ಮ ಅಭಿಪ್ರಾಯ. ಆದರೆ ಆ ಕಥೆಯೊಳಗೆ ಹೊಳೆ, ಮರ, ದಾರಿ ಇವೆ. ತಾಮ್ರಶಾಸನವಿಲ್ಲದ ಜನರಿಗೆ ದಾರಿಯೇ ದಾಖಲೆ. ಆ ದಾಖಲೆ ಈಗ ನಮ್ಮ ಕಣ್ಣೆದುರಿಗೇ ಅಳಿಯುತ್ತಿದೆ.

2000ದಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಂದ ಮೇಲೆ ಹಳ್ಳಿಯ ದಾರಿಗಳಿಗೆ ಡಾಂಬರು ಬಿತ್ತು. ಇದನ್ನು ನಾವು ದೂರುವುದಿಲ್ಲ. ಗರ್ಭಿಣಿಯನ್ನು ಬಂಡಿಯಲ್ಲಿ ಕುಲುಕಿಸಿಕೊಂಡು ಹೋದದ್ದನ್ನು ಕಂಡವರು ನಾವು. ಆದರೆ ಡಾಂಬರು ಕಾಣದ ಇಟ್ಟೇರಿಗಳ ಗತಿ ಬೇರೆ. ಕಿಳುವೆಯ ಬೇಲಿಯನ್ನು ಕಿತ್ತು ತಂತಿ ಬಿಗಿಯುತ್ತಾರೆ, ಹೊಲ ನಿವೇಶನವಾಗುತ್ತದೆ, ಎತ್ತಿಲ್ಲದ ಊರಿಗೆ ಎತ್ತಿನ ದಾರಿ ಏಕೆಂದು ಅಕ್ಕಪಕ್ಕದವರು ಅರ್ಧರ್ಧ ಹಂಚಿಕೊಳ್ಳುತ್ತಾರೆ.

ಇಟಲಿಯ ಟಸ್ಕನಿಯಲ್ಲಿಯೂ ಹೀಗೆಯೇ ಆಗುತ್ತಿತ್ತಂತೆ. ಅಲ್ಲಿಯ ದ್ರಾಕ್ಷಿ ತೋಟಗಳ ನಡುವಿನ ಬಿಳಿಯ ಜಲ್ಲಿದಾರಿಗಳಿಗೆ ಡಾಂಬರು ಬೀಳುವುದನ್ನು ಕಂಡು, 1997ರಲ್ಲಿ ಗಾಯೊಲೆ ಎಂಬ ಸಣ್ಣ ಊರಿನಲ್ಲಿ ಜಾಂಕಾರ್ಲೊ ಬ್ರೊಚ್ಚಿ ಎಂಬವರು ಹಳೆಯ ಸೈಕಲ್ಲುಗಳ ಯಾತ್ರೆಯೊಂದನ್ನು ಆರಂಭಿಸಿದರು. ಅದರ ಹೆಸರು ‘ಲೆರೋಯಿಕಾ’. ಸೈಕಲ್ಲಿನವರು ಬಂದರು, ಊರಿಗೆ ವ್ಯಾಪಾರ ಬಂತು, ದಾರಿ ಉಳಿಯಿತು. ನಮ್ಮ ಹುಡುಗರು ಊತಿಯೂರು ಗುಡ್ಡದ ಸುತ್ತಲೋ, ಆನೆಮಲೆಯ ಬುಡದಲ್ಲಿ ಕಾಲುವೆಯ ಏರಿಯ ಮೇಲೋ ಸೈಕಲ್ ತುಳಿಯುವುದನ್ನು ಕಂಡು ‘ಕೆಲಸವಿಲ್ಲದವರು’ ಎನ್ನುವ ಹಿರಿಯರು ನಮ್ಮ ಸಂಘದಲ್ಲಿಯೂ ಇದ್ದಾರೆ. ಮೊದಲು ನಾವೂ ಹಾಗೆಯೇ ಎಂದೆವು. (ಕಾಡಿನ ಹಾದಿಗಳಿಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಕೂಡದೆಂದು ಮೊಮ್ಮಗನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇವೆ. ಆನೆಗೆ ಗ್ರಾವೆಲ್ಲೂ ಒಂದೇ, ಡಾಂಬರೂ ಒಂದೇ.)

ಮುಂದಿನ ವಾರ ಅವನು ಸೈಕಲ್ಲಿನಲ್ಲಿ ಮುಂದೆ, ನಾವು ನೆರೆಯವರ ಸ್ಕೂಟರಿನ ಹಿಂಬದಿಯಲ್ಲಿ ಕುಳಿತು ಹಿಂದೆ, ಆ ಹಳೆಯ ಇಟ್ಟೇರಿಗೆ ಹೋದೆವು. ಮೊದಲ ಒಂದು ಮೈಲಿ ಹಾಗೆಯೇ ಇತ್ತು, ತಗ್ಗಿನ ನೆರಳು ಸಹ. ಆಮೇಲೆ ತಂತಿ ಬೇಲಿ ಅಡ್ಡ ನಿಂತಿತ್ತು. ಬೇಲಿಯಾಚೆ ದನವೊಂದೂ ಇರಲಿಲ್ಲ, ನಿವೇಶನದ ಕಲ್ಲುಗಳಿದ್ದವು. ಕಳೆದ ವಾರ ತಾವು ಆ ಬೇಲಿಯ ಮೇಲೆ ಸೈಕಲ್ ಎತ್ತಿ ದಾಟಿಸಿದೆವೆಂದು ಅವನು ಒಪ್ಪಿಕೊಂಡನು. ಹತ್ತಿರದ ತೋಟದ ಮನೆಯಿಂದ ಹೊರಬಂದ ವೃದ್ಧೆಯೊಬ್ಬರು ತಮಿಳಿನಲ್ಲಿ ಯಾರನ್ನು ಹುಡುಕುವಿರೆಂದು ಕೇಳಿದರು. ನಾವು ನಾವೇ ಮಾತಾಡಿಕೊಂಡದ್ದು ಕಿವಿಗೆ ಬಿದ್ದೊಡನೆ ಕನ್ನಡಕ್ಕೆ ಹೊರಳಿ, ‘ಒಳಗೆ ಬನ್ನಿ, ಮಜ್ಜಿಗೆ ಕುಡಿದು ಹೋಗಿ’ ಎಂದರು. ಇಟ್ಟೇರಿ ಮುಂದೆ ಎಲ್ಲಿಗೆ ಹೋಗುತ್ತಿತ್ತೆಂದು ಕೇಳಿದಾಗ, ಕೈಯೆತ್ತಿ ಬಡಗಣ ದಿಕ್ಕಿಗೆ ತೋರಿಸಿದರು. ಚಿಕ್ಕಂದಿನಲ್ಲಿ ತಮ್ಮ ಅಜ್ಜ ಆ ಹಾದಿಯಲ್ಲಿ ಎತ್ತು ಕೊಳ್ಳಲು ಸಂತೆಗೆ ಹೋಗುತ್ತಿದ್ದರೆಂದರು.

ಮೊಮ್ಮಗನು ಮೊಬೈಲ್ ತೆಗೆದು, ಆ ಗೆರೆಗೆ ಒಂದು ಹೆಸರು ಬರೆಯಬಹುದು, ಏನೆಂದು ಬರೆಯಲಿ ಎಂದನು. ನಮ್ಮ ಮನೆಯಲ್ಲಿ ಅದನ್ನು ‘ಎತ್ತಿನೋಣಿ’ ಎನ್ನುತ್ತಿದ್ದರು. ಆ ವೃದ್ಧೆಯ ಮನೆಯಲ್ಲಿ ‘ಸಂತೆದಾರಿ’. ಅವನು ಎರಡನ್ನೂ ಕನ್ನಡದಲ್ಲಿಯೇ ಬರೆದುಕೊಂಡನು.