ರುಮಾಲು ಬಿಚ್ಚು ಅನ್ನುವವರು ಯಾರು?

ನಮ್ಮ ನಾಗಸಂದ್ರದ ತುಮಕೂರು ರಸ್ತೆಯಲ್ಲಿ ಲಾರಿ ಓಡಿಸುವ ಸಿಖ್ ಚಾಲಕರ ರುಮಾಲು ನಮಗೆ ಹೊಸದಲ್ಲ. ಅದನ್ನು ಬಿಚ್ಚು ಅನ್ನುವ ಮಾತನ್ನು 2022ರ ಫೆಬ್ರವರಿಯಲ್ಲಿ ಇದೇ ಬೆಂಗಳೂರಿನಲ್ಲಿ ಕೇಳಿದೆವು. ಪಿಯು ಕಾಲೇಜೊಂದು ಅಮೃತಧಾರಿ ಸಿಖ್ ಹುಡುಗಿಗೆ ರುಮಾಲು ತೆಗೆದು ಬಾ ಎಂದಿತು. ಹಿಜಾಬ್ ಮೊಕದ್ದಮೆಯಲ್ಲಿ ಫೆಬ್ರವರಿ 10ರಂದು ಹೈಕೋರ್ಟು ಕೊಟ್ಟ ಮಧ್ಯಂತರ ಆದೇಶವನ್ನು ಮುಂದೆ ಹಿಡಿಯಿತು. ಆ ಆದೇಶದಲ್ಲಿ ಹಿಜಾಬು, ಕೇಸರಿ ಶಾಲುಗಳ ಹೆಸರಿತ್ತು, ರುಮಾಲಿನ ಹೆಸರಿರಲಿಲ್ಲ. ತೆಗೆಯೋದಿಲ್ಲ ಎಂದರು ಹುಡುಗಿಯ ಮನೆಯವರು.

ಒಂದು ಬಟ್ಟೆಗೆ ಇಷ್ಟೇಕೆ ಹಟ? ಉತ್ತರಕ್ಕೆ ಬೀದರಿನ ಕಡೆ ನೋಡೋಣ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಗರು, ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದಾಗ ಐವರು ಎದ್ದರು. ಅವರಲ್ಲಿ ಒಬ್ಬ ಬೀದರಿನ ಕ್ಷೌರಿಕ ಸಾಹಿಬ್ ಚಂದ್, ಇನ್ನೊಬ್ಬ ನೀರು ಹೊರುವವ ಎನ್ನುತ್ತದೆ ಸಿಖ್ ಪರಂಪರೆ. ಐವರೂ ಒಂದೇ ಬಟ್ಟಲಿನಲ್ಲಿ ಅಮೃತ ಕುಡಿದರು, ಐವರೂ ಸಿಂಗರಾದರು. ದೊಡ್ಡವರ ಗುರುತಾಗಿದ್ದ ರುಮಾಲು ದುಡಿಯುವವನ ತಲೆಗೂ ಏರಿತು. ಹಂಗಂತ ಪಂಜಾಬಿನಲ್ಲಿ ಜಾತಿ ಸತ್ತಿಲ್ಲ. ದಲಿತ ಸಿಖ್ಖರಿಗೆ ಬೇರೆ ಗುರುದ್ವಾರ, ಬೇರೆ ಸ್ಮಶಾನ ಇರುವ ಊರುಗಳು ಅಲ್ಲಿವೆ. ಆದರೂ ಆ ರುಮಾಲು ಹುಟ್ಟಿದ್ದು ಸಮಾನತೆಯ ಮಾತಿನ ಜೊತೆಗೆ.

ನಮ್ಮ ಹಳ್ಳಿಗಳಲ್ಲಿ ಗೌಡ ಎದುರಾದರೆ ತಲೆಯ ಟವೆಲ್ಲು ಕಂಕುಳಿಗೆ ಇಳಿಯಬೇಕಿತ್ತು, ಕಾಲಿನ ಕೆರ ಕೈಗೆ ಬರಬೇಕಿತ್ತು. ಬಿಚ್ಚು ಅನ್ನುವ ದನಿಯ ಗುರುತು ನಮಗಿದೆ.

ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲೂ ಅದೇ ದನಿ. 1967ರಲ್ಲಿ ಬಸ್ ಚಾಲಕ ತರ್ಸೆಮ್ ಸಿಂಗ್ ಸಂಧು ಗಡ್ಡ ಬಿಟ್ಟು ರುಮಾಲು ಸುತ್ತಿ ಬಂದಾಗ ಮನೆಗೆ ಕಳಿಸಿದರು. ಸಿಖ್ ಕಾರ್ಮಿಕರು ಬೀದಿಗಿಳಿದರು. 1969ರ ಏಪ್ರಿಲ್ 9ರಂದು ನಿಷೇಧ ಬಿತ್ತು.

ನಮ್ಮ ಸಂವಿಧಾನದ 25ನೇ ವಿಧಿ ಸಿಖ್ಖರ ಕಿರ್ಪಾಣನ್ನು ಹೆಸರಿಟ್ಟು ಕಾಯುತ್ತದೆ. 1988ರ ಮೋಟಾರು ವಾಹನ ಕಾಯಿದೆ ರುಮಾಲು ಧರಿಸಿದ ಸಿಖ್ಖರಿಗೆ ಹೆಲ್ಮೆಟ್ಟಿನಿಂದ ವಿನಾಯಿತಿ ಕೊಟ್ಟಿದೆ. ಸರಿಯೇ. ಆದರೆ ಕಾಯಿದೆಯಲ್ಲಿ ಹೆಸರಿಲ್ಲದ ಉಡುಪಿಯ ಮುಸ್ಲಿಂ ಹುಡುಗಿಯರ ಗತಿ? ಮಾರ್ಚ್ 15ರಂದು ಹೈಕೋರ್ಟು ಅವರ ಅರ್ಜಿಗಳನ್ನು ವಜಾ ಮಾಡಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಇಬ್ಭಾಗವಾಯಿತು.

ಆ ಬಟ್ಟೆಯೇ ಬಂಧನವಲ್ಲವೆ ಎಂದು ಗೆಳೆಯರು ಕೇಳುತ್ತಾರೆ. ಕೇಳಲಿ, ಜಗಳವನ್ನೂ ಆಡೋಣ. ಆದರೆ ಹುಡುಗಿ ತರಗತಿಯ ಒಳಗಿರಬೇಕು. ನಮ್ಮ ಅಜ್ಜಂದಿರನ್ನು ಶಾಲೆಯ ಹೊರಗೆ ಕೂರಿಸಿದವರೂ ನಿಯಮವನ್ನೇ ತೋರಿಸಿದ್ದರು.