ಸುಳ್ಳು ಓಲೆ ಗೆದ್ದ ಕಾಳಗ

ಊಟಿಯಿಂದ ಮೈಸೂರಿಗೆ ಹೋಗುವಾಗ ನಾವು ನಂಜನಗೂಡು ದಾಟುತ್ತೇವೆ. 1761ರಲ್ಲಿ ಅದರ ಬಳಿ ಹೈದರಾಲಿ ಸೋತಿದ್ದ. ಸೋಲಿಸಿದವನು ಹೊರಗಿನವನಲ್ಲ, ಹೈದರನದೇ ಲೆಕ್ಕಪತ್ರ ನೋಡುತ್ತಿದ್ದ ಖಂಡೇರಾಯ. 1760ರಲ್ಲಿ ಅವನು ಅರಮನೆಯ ಪರ ನಿಂತು ಒಡೆಯನ ವಿರುದ್ಧ ತಿರುಗಿದ್ದ.

ಸೋತ ಹೈದರ್ ಹಳೆಯ ದಳವಾಯಿ ನಂಜರಾಜಯ್ಯನ ಮೊರೆಹೊಕ್ಕ. ಮತ್ತೆ ಕಟ್ಟೆಮಳಲವಾಡಿಯ ಬಳಿ ಎದುರಾದಾಗ, ನಂಜರಾಜಯ್ಯನ ಮುದ್ರೆ ಹಾಕಿ ಖಂಡೇರಾಯನ ಸರದಾರರ ಹೆಸರಿಗೆ ಸುಳ್ಳು ಓಲೆ ಬರೆಸಿ, ಅವು ಖಂಡೇರಾಯನ ಕೈಗೇ ಸಿಗುವಂತೆ ಮಾಡಿದ. ತನ್ನವರೇ ದ್ರೋಹ ಬಗೆದರೆಂದು ನಂಬಿ ಅವನು ಕುದುರೆಯೇರಿ ಶ್ರೀರಂಗಪಟ್ಟಣಕ್ಕೆ ಓಡಿದ. ನಾಯಕನಿಲ್ಲದ ಸೈನ್ಯದ ಮೇಲೆ ಹೈದರ್ ಎರಗಿದ. ಕುದುರೆ ಸವಾರರು ಪಾರಾದರು. ಕಾಲಾಳುಗಳೂ ಫಿರಂಗಿಗಳೂ ಸಿಕ್ಕಿಬಿದ್ದವು.

ಆ ಓಲೆಯನ್ನು ಸರದಾರರಿಗೇ ತೋರಿಸಿ ಕೇಳಿದ್ದರೆ? ಈ ಪಾಠ ಮಾಡುವಾಗ ಮಕ್ಕಳ ಮುಂದೆ ನಾವು ಇಡುವ ಪ್ರಶ್ನೆ ಇದೇ.