ಬೆಂಕಿ ಕೊಟ್ಟ ಅನ್ನ: ಲಾಂಜರೋಟೆ ದ್ವೀಪದ ಕಥೆ

ಹೋದ ವರ್ಷ ಏಪ್ರಿಲ್‌ನಲ್ಲಿ, ಜರ್ಮನಿಯಲ್ಲಿರುವ ನನ್ನ ಅಕ್ಕನ ಮಗಳು ಗಂಡನೊಡನೆ ಎಂಟು ದಿನದ ರಜೆಗೆಂದು ಸ್ಪೇನ್ ದೇಶಕ್ಕೆ ಸೇರಿದ ಲಾಂಜರೋಟೆ ಎಂಬ ದ್ವೀಪಕ್ಕೆ ಹೋಗಿದ್ದಳು. ಅಲ್ಲಿಂದ ಅವಳು ಕಳಿಸಿದ ಒಂದು ಛಾಯಾಚಿತ್ರ ನನ್ನನ್ನು ಬಹಳ ದಿನ ಕಾಡಿತು. ಕಣ್ಣು ಹಾಯುವಷ್ಟು ದೂರ ಇದ್ದಲಿನಂಥ ಕಪ್ಪು ನೆಲ. ಅದರಲ್ಲಿ ಸಾಲುಸಾಲಾಗಿ ಬೋಗುಣಿಯಂಥ ತಗ್ಗುಗಳು. ಒಂದೊಂದು ತಗ್ಗಿನ ನಡುವೆ ಒಂದೊಂದೇ ಹಸಿರು ಬಳ್ಳಿ. ಕೆಳಗೆ ಹೀಗೆ ಬರೆದಿದ್ದಳು: "ಮಾಮಾ, ಬಿಸಿಲು ಕಾಸಿಕೊಳ್ಳಾಕ ಅಂತ ಬಂದ್ರ ಇಲ್ಲಿ ಎಲ್ಲಿ ನೋಡಿದ್ರೂ ಕರಿ ಕಲ್ಲು. ಈ ತಗ್ಗು ಯಾಕ ತೋಡ್ಯಾರ, ಹೇಳ್ರಿ ನೋಡೋಣ."

ಕಡತಗಳ ನಡುವೆ ದಿನ ಕಳೆಯುವ ನನ್ನಂಥ ಕೇಂದ್ರ ಸರಕಾರದ ಗುಮಾಸ್ತನಿಗೆ ಸಿಗುವ ಎಲ್.ಟಿ.ಸಿ. ದೇಶದ ಗಡಿ ದಾಟುವುದಿಲ್ಲ. ಆದರೆ ಬಿ.ಎಸ್ಸಿ.ಯಲ್ಲಿ ಓದಿದ ಭೂವಿಜ್ಞಾನ ಇನ್ನೂ ಪೂರ್ತಿ ಮರೆತುಹೋಗಿಲ್ಲ. ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಆ ದ್ವೀಪದಲ್ಲಿ ಪ್ರವಾಸಿ ನೋಡುವ, ಉಣ್ಣುವ, ಮಾಡುವ ಹೆಚ್ಚಿನದರ ಬೇರು ಇರುವುದು ಸುಮಾರು ಮುನ್ನೂರು ವರ್ಷಗಳ ಹಿಂದಿನ ಒಂದು ರಾತ್ರಿಯಲ್ಲಿ. ಆ ಕಥೆಯನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿತು.

ಲಾಂಜರೋಟೆ ಆಡಳಿತದಿಂದ ಯುರೋಪಿನದು. ಭೂಗೋಳದಿಂದ ಆಫ್ರಿಕದ ನೆರೆಯದು. ಅಟ್ಲಾಂಟಿಕ್ ಸಾಗರದಲ್ಲಿ, ಆಫ್ರಿಕದ ಕರಾವಳಿಯಿಂದ ಕೇವಲ 130 ಕಿಲೋಮೀಟರಿನಷ್ಟು ದೂರದಲ್ಲಿರುವ ಇದು ಕ್ಯಾನರಿ ದ್ವೀಪಸಮೂಹದಲ್ಲಿ ಒಂದು. ವಿಸ್ತೀರ್ಣ 845 ಚದರ ಕಿಲೋಮೀಟರ್. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಲಾಂಜಲೋಟ್ಟೊ ಮಾಲೋಚೆಲ್ಲೊ ಎಂಬ ಜಿನೋವಾ ನಾವಿಕನಿಂದ ಈ ಹೆಸರು ಬಂತು. 1402ರಲ್ಲಿ ಫ್ರಾನ್ಸಿನ ಸರದಾರ ಜ್ಯಾನ್ ದ ಬೆತಾಂಕೂರ್ ಇದನ್ನು ವಶಪಡಿಸಿಕೊಂಡ. ಆಮೇಲಿನ ಶತಮಾನಗಳಲ್ಲಿ ಉತ್ತರ ಆಫ್ರಿಕದ ಕಡಲ್ಗಳ್ಳರು ಮತ್ತೆ ಮತ್ತೆ ದಾಳಿಯಿಟ್ಟರು. 1618ರ ದಾಳಿಯಲ್ಲಂತೂ ನೂರಾರು ಜನರನ್ನು ಸೆರೆಹಿಡಿದು ಒಯ್ದರು. ಇಷ್ಟಾದರೂ ಜನ ಗೋಧಿ, ಬಾರ್ಲಿ ಬೆಳೆದುಕೊಂಡು ನೆಲ ಬಿಡದೆ ಬದುಕಿದ್ದರು. ಆ ಬೆಳೆಯ ನೆಲಕ್ಕೇ ಒಂದು ದಿನ ಗಂಡಾಂತರ ಬಂತು.

1730ರ ಸೆಪ್ಟೆಂಬರ್ 1. ರಾತ್ರಿ ಒಂಬತ್ತರಿಂದ ಹತ್ತು ಗಂಟೆಯ ನಡುವೆ ತಿಮನ್‌ಫಾಯಾ ಎಂಬ ಹಳ್ಳಿಯ ಬಳಿ ನೆಲ ಬಿರಿಯಿತು. ಇದನ್ನು ದಾಖಲೆ ಮಾಡಿದವರು ಪಕ್ಕದ ಯಾಯಿಸಾ ಊರಿನ ಪಾದ್ರಿ ಆಂದ್ರೇಸ್ ಲೊರೆನ್ಸೊ ಕುರ್ಬೆಲೊ. ಅವರ ದಿನಚರಿಯನ್ನು ಜರ್ಮನಿಯ ಭೂವಿಜ್ಞಾನಿ ಲಿಯೋಪೋಲ್ಡ್ ಫಾನ್ ಬೂಖ್ 1815ರಲ್ಲಿ ಕ್ಯಾನರಿ ದ್ವೀಪಗಳಿಗೆ ಬಂದ ಮೇಲೆ ತಮ್ಮ ಗ್ರಂಥದ ಮೂಲಕ ಜಗತ್ತಿಗೆ ತಿಳಿಸಿದರು. ಒಂದೇ ರಾತ್ರಿಯಲ್ಲಿ ನೆಲದಿಂದ ಬೆಟ್ಟವೊಂದು ಮೇಲೆದ್ದದ್ದು, ಲಾವಾ ರಸ ಹಳ್ಳಿಗಳನ್ನು ನುಂಗುತ್ತ ಸಮುದ್ರದ ಕಡೆ ಹರಿದದ್ದು, ಸತ್ತ ಮೀನು ರಾಶಿರಾಶಿಯಾಗಿ ದಡಕ್ಕೆ ಬಂದು ಬಿದ್ದದ್ದು, ವಿಷದ ಹಬೆಗೆ ದನಕರುಗಳು ಉಸಿರುಗಟ್ಟಿ ಉರುಳಿದ್ದು, ಎಲ್ಲವನ್ನೂ ಆ ಪಾದ್ರಿ ತಾರೀಖು ಸಹಿತ ಬರೆದಿಟ್ಟಿದ್ದಾರೆ. ಕಚೇರಿಯಲ್ಲಿ ಟಿಪ್ಪಣಿ ಬರೆದು ಬರೆದು ಕೈ ಸವೆಸಿಕೊಂಡ ನನಗೆ ಆ ತಾರೀಖುಗಳ ಮೇಲೆ ವಿಶೇಷ ಗೌರವ. 1731ರ ಡಿಸೆಂಬರಿಗೆ ದಿನಚರಿ ನಿಲ್ಲುತ್ತದೆ. ಬೆಂಕಿ ತಣಿಯುವುದನ್ನು ಕಾದು ಸೋತ ಪಾದ್ರಿ ತಮ್ಮ ಊರಿನ ಹಲವರೊಡನೆ ಗ್ರಾನ್ ಕನಾರಿಯಾ ದ್ವೀಪಕ್ಕೆ ವಲಸೆ ಹೋದರು. ಬೆಂಕಿ ಮಾತ್ರ 1736ರ ಏಪ್ರಿಲ್‌ವರೆಗೆ, ಅಂದರೆ ಹತ್ತಿರ ಹತ್ತಿರ ಆರು ವರ್ಷ ಉರಿಯಿತು. ದ್ವೀಪದ ಸುಮಾರು ಕಾಲುಭಾಗ ಲಾವಾದಡಿ ಹುಗಿದುಹೋಯಿತು. ಅದರಲ್ಲಿ ಒಳ್ಳೆಯ ಬೆಳೆಯ ಭೂಮಿಯೂ ಸೇರಿತ್ತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಉಳಿದ ರೈತರು ಒಂದು ವಿಷಯ ಗಮನಿಸಿದರು. ಗಟ್ಟಿ ಲಾವಾ ಹರಿದಲ್ಲಿ ಏನೂ ಬೆಳೆಯದು, ನಿಜ. ಆದರೆ ಜ್ವಾಲಾಮುಖಿ ಉಗುಳಿದ ಕಪ್ಪು ಹರಳಿನ ತೆಳು ಹೊದಿಕೆ ಬಿದ್ದ ಹೊಲಗಳಲ್ಲಿ ಪೈರು ಮೊದಲಿಗಿಂತ ಹುಲುಸಾಗಿತ್ತು! ಕಾರಣ ಹೀಗಿದೆ. ಈ ಹರಳುಗಳ ಮೈತುಂಬ ಸಣ್ಣ ರಂಧ್ರಗಳು. ವರ್ಷಕ್ಕೆ ಸುಮಾರು 150 ಮಿಲಿಮೀಟರ್ ಮಾತ್ರ ಬೀಳುವ ಮಳೆಯ ನೀರು ಹರಿದುಹೋಗದೆ ಇವುಗಳ ಸಂದಿನಿಂದ ಕೆಳಗಿನ ಮಣ್ಣಿಗೆ ಇಳಿಯುತ್ತದೆ. ರಾತ್ರಿಯ ಇಬ್ಬನಿಯೂ ಒಂದಿಷ್ಟು ಸೇರುತ್ತದೆ. ಬರಿಯ ಮಣ್ಣು, ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ, ತಳದ ತೇವವನ್ನು ಮೇಲೆಳೆದು ಬಿಸಿಲಿಗೆ ಒಪ್ಪಿಸುತ್ತದೆ. ದಪ್ಪ ಹರಳಿನ ಹೊದಿಕೆ ಇದ್ದಾಗ ಆ ಬತ್ತಿ ಕಡಿದಂತಾಗಿ ತೇವ ಒಳಗೇ ಉಳಿಯುತ್ತದೆ.

ಹೊದಿಕೆ ದಪ್ಪವಾಗಿ ಬಿದ್ದ ಲಾ ಹೆರಿಯಾ ಎಂಬ ಕಣಿವೆಯಲ್ಲಿ ರೈತರು ಎರಡು ಮೂರು ಮೀಟರ್ ಆಳಕ್ಕೆ ತಗ್ಗು ತೋಡಿ, ಹೂತುಹೋದ ಹಳೆಯ ಮಣ್ಣನ್ನು ಮುಟ್ಟಿ, ಅಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟರು. ಎಡೆಬಿಡದ ಈಶಾನ್ಯ ಗಾಳಿಯಿಂದ ಕಾಪಾಡಲು ತಗ್ಗಿನ ಅಂಚಿಗೆ ಅರ್ಧಚಂದ್ರಾಕಾರದ ಕಲ್ಲಿನ ಒಡ್ಡು ಕಟ್ಟಿದರು. ಅಕ್ಕನ ಮಗಳು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಅಲ್ಲಿ ಬೆಳೆಯುವ ಮಾಲ್ವಸಿಯಾ ದ್ರಾಕ್ಷಿಯ ಮದ್ಯ ಹೆಸರಾಂತದ್ದು. 1775ರಲ್ಲಿ ಆರಂಭವಾದ ಎಲ್ ಗ್ರಿಫೊ ಎಂಬ ದ್ರಾಕ್ಷಾರಸದ ಮನೆ ಇಂದಿಗೂ ನಡೆಯುತ್ತಿದೆ. ಯಾರದೋ ಕೈತೋಟದಂತೆ ಕಾಣುವ ಆ ಹೊಲಗಳನ್ನು ಯಂತ್ರದಿಂದ ಉಳಲಾಗದು. ಇಂದಿಗೂ ಕೈಯಿಂದಲೇ ಎಲ್ಲ ಕೆಲಸ.

ಊಟದ ಮಾತು ಬಂದರೆ, ಅಲ್ಲಿ ನಮ್ಮ ಸಸ್ಯಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ. ಸಿಪ್ಪೆ ಸಹಿತ ಸಣ್ಣ ಆಲೂಗಡ್ಡೆಗಳನ್ನು ಬಹಳ ಉಪ್ಪು ಹಾಕಿ, ನೀರು ಇಂಗಿ ಸಿಪ್ಪೆ ಸುಕ್ಕುಗಟ್ಟುವವರೆಗೆ ಬೇಯಿಸುತ್ತಾರೆ. ಜೊತೆಗೆ 'ಮೋಹೊ'. ಇದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಎಣ್ಣೆ, ವಿನೆಗರ್ ಸೇರಿಸಿ ಅರೆದ ಕೆಂಪು ಚಟ್ನಿ. ಕೊತ್ತಂಬರಿ ಸೊಪ್ಪಿನ ಹಸಿರು ಮೋಹೊ ಕೂಡ ಉಂಟು. ಇನ್ನು 'ಗೋಫಿಯೊ' ಎಂದರೆ ನಮ್ಮ ಹುರಿಹಿಟ್ಟೇ. ಹುರಿದ ಧಾನ್ಯವನ್ನು ಬೀಸಿದ ಈ ಹಿಟ್ಟು ಸ್ಪೇನಿನವರು ಬರುವ ಮೊದಲೇ ಅಲ್ಲಿನ ಮೂಲನಿವಾಸಿಗಳ ಆಹಾರವಾಗಿತ್ತು. ಬರಗಾಲದಲ್ಲಿ ಬಡವರ ಪ್ರಾಣ ಉಳಿಸಿದ್ದೂ ಇದೇ.

ಬರಗಾಲ ಎಂದೆ. ಆ ದ್ವೀಪದಲ್ಲಿ ನದಿಯಿಲ್ಲ. ಮನೆಯ ಅಂಗಳದ ತೊಟ್ಟಿಯಲ್ಲಿ ಮಳೆನೀರು ಹಿಡಿದಿಡಬೇಕು. ಅದು ಮುಗಿದರೆ ಬೇರೆ ದ್ವೀಪದಿಂದ ಹಡಗಿನಲ್ಲಿ ನೀರು ಬರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಪಾಪಾಸುಕಳ್ಳಿಯ ಮೇಲೆ ಸಾಕುವ ಕೊಚಿನೀಲ್ ಹುಳದಿಂದ ಕೆಂಪು ಬಣ್ಣ ತೆಗೆದು ಮಾರಿ ಜನ ಸ್ವಲ್ಪ ಚೇತರಿಸಿಕೊಂಡರು. ಆದರೆ ರಾಸಾಯನಿಕ ಬಣ್ಣಗಳು ಬಂದೊಡನೆ ಆ ವ್ಯಾಪಾರವೂ ಕುಸಿಯಿತು. ಅನೇಕರು ದಕ್ಷಿಣ ಅಮೆರಿಕಕ್ಕೆ ಗುಳೆ ಹೋದರು. 1960ರ ದಶಕದ ನಡುವೆ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರ ಬಂದ ಮೇಲಷ್ಟೇ ದ್ವೀಪ ಬಾಯಾರಿಕೆಯಿಂದ ಪಾರಾಯಿತು. ನೀರು ಬಂದ ಬೆನ್ನಲ್ಲೇ ಪ್ರವಾಸಿಗಳೂ ಬಂದರು.

ಈ ಹೊತ್ತಿಗೆ ಸರಿಯಾಗಿ ದ್ವೀಪಕ್ಕೆ ಮರಳಿದವರು ಸೆಸಾರ್ ಮಾನ್ರಿಕೆ. 1919ರಲ್ಲಿ ಅರೆಸಿಫೆ ಪಟ್ಟಣದಲ್ಲಿ ಹುಟ್ಟಿ, ಮ್ಯಾಡ್ರಿಡ್ ಮತ್ತು ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ ಚಿತ್ರಕಾರರು. ಸ್ಪೇನಿನ ಇತರ ಕರಾವಳಿಗಳಲ್ಲಿ ಸಿಮೆಂಟಿನ ಹೋಟೆಲುಗಳು ಗೋಡೆಯಂತೆ ಎದ್ದದ್ದನ್ನು ಅವರು ಕಂಡಿದ್ದರು. ದ್ವೀಪದ ಆಡಳಿತ ಮಂಡಳಿಯ ಅಧ್ಯಕ್ಷ ಪೆಪೀನ್ ರಾಮಿರೆಸ್ ಅವರ ಬಾಲ್ಯದ ಪರಿಚಿತರು. ಇಬ್ಬರೂ ಸೇರಿ ಒಂದು ಮಾತು ನಿಶ್ಚಯಿಸಿದರು: ಲಾವಾವನ್ನು ಮುಚ್ಚಬಾರದು, ತೋರಿಸಬೇಕು. ಮನೆಗಳು ತಗ್ಗಾಗಿ, ಬಿಳಿಯಾಗಿ ಇರಬೇಕು. ರಸ್ತೆ ಬದಿ ಜಾಹೀರಾತಿನ ಫಲಕ ಬೇಡ.

ಇಂದು ಪ್ರವಾಸಿ ನೋಡುವುದೆಲ್ಲ ಈ ನಿಶ್ಚಯದ ಫಲ. ಹಾಮೆಯೋಸ್ ದೆಲ್ ಆಗ್ವಾ ಎಂಬಲ್ಲಿ ಪುರಾತನ ಲಾವಾ ಸುರಂಗವೇ ಸಭಾಂಗಣವಾಗಿದೆ. ಒಳಗಿನ ಕೊಳದಲ್ಲಿ ಬೆರಳ ತುದಿಯಷ್ಟು ದೊಡ್ಡ, ಬಿಳಿಯ ಕುರುಡು ಏಡಿಗಳಿವೆ. ಅದೇ ಸುರಂಗದ ಇನ್ನೊಂದು ಭಾಗದಲ್ಲಿ ಹಿಂದೆ ಜನ ಕಡಲ್ಗಳ್ಳರಿಗೆ ಹೆದರಿ ಅಡಗಿದ್ದರು. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ತಿಮನ್‌ಫಾಯಾದಲ್ಲಿ ನೆಲ ಇನ್ನೂ ಆರಿಲ್ಲ. ಕೊಳವೆಗೆ ಒಂದು ಬಕೆಟ್ ನೀರು ಸುರಿದರೆ ಹಬೆಯ ಕಾರಂಜಿ ಚಿಮ್ಮುತ್ತದೆ. ತಗ್ಗಿಗೆ ಒಣ ಮುಳ್ಳುಗಿಡ ಹಾಕಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅಲ್ಲಿನ ಉಪಾಹಾರ ಗೃಹದಲ್ಲಿ ಭೂಮಿಯ ಬಿಸಿಯಿಂದಲೇ ಅಡುಗೆ! ಹಿಂದೆ ಹೊಲ ಉಳುತ್ತಿದ್ದ ಒಂಟೆಗಳು ಈಗ ಪ್ರವಾಸಿಗಳನ್ನು ಹೊರುತ್ತವೆ. ನೊಬೆಲ್ ಪಾರಿತೋಷಕ ಪಡೆದ ಪೋರ್ಚುಗೀಸ್ ಸಾಹಿತಿ ಜೋಸೆ ಸರಮಾಗೊ 1993ರಿಂದ 2010ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ನೆಲೆಸಿದ್ದರು. ಅವರ ಮನೆಯನ್ನೂ ನೋಡಬಹುದು.

ಆದರೆ ಮಾನ್ರಿಕೆಯವರ ಕೊನೆಯ ವರ್ಷಗಳು ಹೋರಾಟದಲ್ಲೇ ಕಳೆದವು. ಹೋಟೆಲು ಕಟ್ಟುವವರ ಹಸಿವು ದೊಡ್ಡದಾಗಿತ್ತು. 1991ರಲ್ಲಿ ಪ್ರವಾಸಿಗಳ ಹಾಸಿಗೆಗಳ ಸಂಖ್ಯೆಗೆ ಮಿತಿ ಹಾಕುವ ಯೋಜನೆ ಬಂತು. 1992ರ ಸೆಪ್ಟೆಂಬರಿನಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಯುನೆಸ್ಕೊ ಇಡೀ ದ್ವೀಪವನ್ನು ಜೀವಗೋಳ ಮೀಸಲು ಪ್ರದೇಶವೆಂದು ಸಾರಿತು. ಮಿತಿ ಮೀರಿ ಕಟ್ಟಿದ ಹಲವು ಹೋಟೆಲುಗಳ ಪರವಾನಿಗೆಯನ್ನು ನ್ಯಾಯಾಲಯಗಳು ಮುಂದೆ ರದ್ದುಪಡಿಸಿದವು. 2019ರಲ್ಲಿ ವಿಮಾನ ನಿಲ್ದಾಣಕ್ಕೆ ಮಾನ್ರಿಕೆಯವರ ಹೆಸರಿಟ್ಟರು. ಒಂದೂವರೆ ಲಕ್ಷಕ್ಕೆ ಮಿಕ್ಕ ಜನವಸತಿಯ ಈ ದ್ವೀಪಕ್ಕೆ ಇತ್ತೀಚಿನ ವರ್ಷಗಳಲ್ಲಿ ಸುಮಾರು 30 ಲಕ್ಷ ಪ್ರವಾಸಿಗಳು ಬಂದುಹೋಗುತ್ತಾರೆ. 2024ರ ಏಪ್ರಿಲ್ 20ರಂದು ಕ್ಯಾನರಿ ದ್ವೀಪಗಳಲ್ಲೆಲ್ಲ ಸಾವಿರಾರು ಜನ ಬೀದಿಗಿಳಿದರು. ಪ್ರವಾಸಕ್ಕೆ ಒಂದು ಮಿತಿ ಬೇಕು, ನಮ್ಮೂರಲ್ಲಿ ನಮಗೇ ಬಾಡಿಗೆ ಮನೆ ಸಿಗದಂತಾಗಿದೆ ಎಂಬುದು ಅವರ ಅಳಲು. ಬಾಡಿಗೆ ಮನೆಯ ಅಳಲು ಮುಂಬಯಿಯ ನಮಗೆ ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ನಂಟೂ ಇದೆ. ನಾವು ನಿಂತಿರುವ ಈ ದಖ್ಖನಿನ ಕಪ್ಪು ಕಲ್ಲು ಕೂಡ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ವಿಜಾಪುರದ ಗೋಳಗುಮ್ಮಟ ಎದ್ದದ್ದು ಆ ಕಲ್ಲಿನಿಂದ. ಆ ಕಲ್ಲು ಸವೆದು ಆದ ಎರೆಮಣ್ಣು ತೇವ ಹಿಡಿದಿಟ್ಟುಕೊಂಡದ್ದರಿಂದಲೇ ನಮ್ಮ ಕಡೆ ಹಿಂಗಾರಿಯಲ್ಲಿ ಬಿಳಿಜೋಳ ಬೆಳೆಯುತ್ತದೆ. ಅಕ್ಕನ ಮಗಳಿಗೆ ಇದನ್ನೇ ಬರೆದೆ: "ನೀ ಉಂಡು ಬೆಳೆದ ರೊಟ್ಟಿನೂ ಬೆಂಕಿ ಕೊಟ್ಟದ್ದೇ, ತಂಗಿ. ಅವರದು ಮುನ್ನೂರು ವರ್ಷದ್ದು, ನಮ್ಮದು ಭಾಳ ಹಳೇದು."

ಆರು ವರ್ಷದ ಬೆಂಕಿಯನ್ನು ಆ ರೈತರು ಗುದ್ದಲಿ ಹಿಡಿದು ಗೆದ್ದರು. ವಿಮಾನದಲ್ಲಿ ಬಂದಿಳಿಯುವ ಸಿರಿಯನ್ನು ಅವರ ಮೊಮ್ಮಕ್ಕಳು ಹೇಗೆ ಅಂಕೆಯಲ್ಲಿಡುವರೋ, ಅದನ್ನು ಮುಂದಿನ ಇತಿಹಾಸ ಬರೆಯಬೇಕು.